ಎಣಿಸಲು ಬಾರದ ಮಿಂಚುಳ್ಳಿ

ಕೆರೆದಂಡೆಯ ಗುಡಾರದೊಳಗೆ ಇಬ್ಬರು ಹೋದರು, ಒಬ್ಬಳು ಹೊರಬಂದಳು. ಪಕ್ಕದ ಒಣಮರದ ಮೇಲಿದ್ದ ಮಿಂಚುಳ್ಳಿ ಎರಡನ್ನೂ ನೋಡಿತು.

ಹಕ್ಕಿಗಳ ಚಿತ್ರ ತೆಗೆಯುವವರಲ್ಲಿ ಇದು ಹಳೆಯ ಉಪಾಯ. ಹಕ್ಕಿಗೆ ಲೆಕ್ಕ ಬರುವುದಿಲ್ಲ. ಇಬ್ಬರು ಹೊಕ್ಕು ಒಬ್ಬರು ಎದ್ದುಹೋದರೆ, ಗುಡಾರ ಖಾಲಿಯಾಯಿತೆಂದು ನಂಬಿ ಹತ್ತಿರ ಬರುತ್ತದೆ. ಕುಳಿತಿರುವುದು ಔಷಧದಂಗಡಿಯ ಭಾವನ ಕೆಲಸ, ಹೋಗುವುದು ಡ್ರಾಯಿಂಗ್ ಟೀಚರ್ ನಾದಿನಿಯ ಕೆಲಸ.

"ನಿನ್ನ ಪಾಲಿನ ಕಲೆ ಇಷ್ಟೇ ಕಣಮ್ಮ, ಎದ್ದು ಹೋಗೋದು" ಎಂದು ಭಾವ ಮೊಳದುದ್ದದ ಲೆನ್ಸನ್ನು ಕಿಂಡಿಯಿಂದ ಹೊರಚಾಚಿದರು.

"ಆಗ್ಲಿ ಭಾವ. ನೀವು ಮಾತ್ರ ಏಳ್ಬೇಡಿ. ಅದು ಯಾವ ಕಡೆಯಿಂದ ಬರುತ್ತೋ ಏನೋ, ಲೆನ್ಸ್ ಅತ್ತಿತ್ತ ತಿರುಗಿಸ್ತಾ ಇರಿ."

"ನನಗೇ ಪಾಠ ಹೇಳ್ತೀಯಾ? ನಿನ್ನ ಸೋಪಿನ ಡಬ್ಬಿ ಜೋಪಾನ."

ಸೋಪಿನ ಡಬ್ಬಿ ಎಂದರೆ ಅವಳ ಪುಟ್ಟ ಕ್ಯಾಮೆರಾ. ದೂರದ್ದನ್ನು ಹತ್ತಿರ ತರುವ ಶಕ್ತಿ ಅದಕ್ಕಿರಲಿಲ್ಲ.

ಚಿತ್ರ ತೆಗೆಯುವುದು ಲೆನ್ಸು ಎಂದು ಭಾವ, ಕಣ್ಣು ಎಂದು ನಾದಿನಿ: ವಾದಕ್ಕೆ ಆರು ವರ್ಷ ತುಂಬಿತ್ತು. ಅವಳ ಅಕ್ಕ ಇಬ್ಬರಿಗೂ ಬಡಿಸಿ, ತನ್ನ ತಟ್ಟೆ ಹಿಡಿದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಈಗ ಛಾಯಾಗ್ರಾಹಕರ ಸಂಘದ ಪ್ರದರ್ಶನದಲ್ಲಿ ಒಂದೇ ಚೌಕಟ್ಟಿನ ಜಾಗ ಉಳಿದಿತ್ತು. ಭಾವನ ಚಿತ್ರಗಳು ಸತತ ನಾಲ್ಕು ವರ್ಷ ಮರಳಿ ಬಂದಿದ್ದವು. ಅಂದು ಸಂಜೆ ಐದಕ್ಕೆ ಗಡುವು. ಯಾರ ಚಿತ್ರ ಗೋಡೆ ಹತ್ತುವುದಿಲ್ಲವೋ ಅವರು ಇನ್ನು ಊಟದ ಮೇಜಿನಲ್ಲಿ ಬಾಯಿ ಬಿಡುವಂತಿಲ್ಲ. ಇದು ಅಕ್ಕನ ತೀರ್ಪು.

ಗುಡಾರದ ಜಾಗ ಗೊತ್ತುಮಾಡಿದವಳು ನಾದಿನಿ. "ಸೂರ್ಯ ನಿಮ್ಮ ಬೆನ್ನಿಗಿರ್ತಾನೆ" ಎಂದಿದ್ದಳು. ಕಿಂಡಿಯ ನೇರಕ್ಕೆ ನೀರಿನಲ್ಲೊಂದು ಗೂಟ. ಮಿಂಚುಳ್ಳಿ ದಿನವೂ ಕೂರುವ ಗೂಟ.

ಮೂರು ಗಂಟೆ ಹತ್ತು ನಿಮಿಷ ಭಾವ ಕದಲಲಿಲ್ಲ. ಲೆನ್ಸು ಮಾತ್ರ ಅತ್ತಿತ್ತ ತಿರುಗುತ್ತಿತ್ತು. ಕಾಲು ಜೋಮು ಹಿಡಿಯಿತು. ಗೂಟದ ಮೇಲೆ ಒಂದು ಕೊಡತಿಹುಳು ಕುಳಿತು, ಬೇಸತ್ತು, ಹಾರಿಹೋಯಿತು.

ಸಂಜೆ ಅವರು ಬರಿಯ ಗೂಟದ ಚಿತ್ರವನ್ನೇ ಒಪ್ಪಿಸಿದರು. ಮರದ ಒಂದೊಂದು ನಾರೂ ಎಣಿಸುವಷ್ಟು ಸ್ಪಷ್ಟವಾಗಿತ್ತು.

ಪ್ರದರ್ಶನದ ದಿನ ಕೊನೆಯ ಚೌಕಟ್ಟಿನಲ್ಲಿ, ಅದೇ ಒಣಮರದ ಮೇಲೆ, ಮಿಂಚುಳ್ಳಿಯಿತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರ. ಮುಖದ ತುಂಬ ಎಳೆಬಿಸಿಲು, ನೀಳವಾಗಿ ಚಾಚಿದ ಕತ್ತು. ತನ್ನ ಪಕ್ಕದಲ್ಲೇ ಒಬ್ಬಳು ನಿಂತಿರುವುದನ್ನೂ ಮರೆತು, ಅದು ಬೇರೇನನ್ನೋ ದಿಟ್ಟಿಸುತ್ತಿತ್ತು. ಆ ನೋಟದ ಮುಂದೆ ಜನ ಗುಂಪುಗೂಡಿದ್ದರು.

ಭಾವ ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. ಹೊಟ್ಟೆಕಿಚ್ಚಿಗಿಂತ ಕುತೂಹಲವೇ ಮೇಲಾಯಿತು.

"ಸೋಪಿನ ಡಬ್ಬೀಲಿ ಇಷ್ಟು ಹತ್ತಿರ ಹೇಗಮ್ಮ? ಅದು ಹಾರಿಹೋಗ್ಲಿಲ್ವಾ?"

"ಸಂಘದವರು ಏನನ್ನೂ ಮುಚ್ಚಿಡೋ ಹಾಗಿಲ್ಲ ಅಂದ್ರು ಭಾವ. ಎಲ್ಲಾ ಬರೆದುಕೊಟ್ಟಿದ್ದೀನಿ" ಎಂದು ನಾದಿನಿ ಚೌಕಟ್ಟಿನ ಕೆಳಗಿನ ಚೀಟಿ ತೋರಿಸಿದಳು.

"ಬಳಸಿದ ಸಲಕರಣೆ: ಪುಟ್ಟ ಕ್ಯಾಮೆರಾ ಒಂದು; ಹಕ್ಕಿಯ ಗಮನ ಹಿಡಿದಿಡಲು ಗುಡಾರದಲ್ಲಿ ಭಾವ ಒಬ್ಬರು."