ಗೋಡೆಯ ಮುಂದಿನ ರಂಗೋಲಿ

ಚಂದ್ರನ ಮೇಲಿನ ಚಿಕ್ಕ ಗುಮ್ಮಟಗಳ ಬಾಗಿಲೆಲ್ಲ ದೊಡ್ಡ ಗುಮ್ಮಟದ ಕಡೆಗೇ ತೆರೆಯಬೇಕು ಎಂಬುದು ನೀಲವ್ವನ ಅಜ್ಜಿಯ ಕಾಲದಿಂದ ನಡೆದುಬಂದ ಕಟ್ಟಳೆ. ಪಕ್ಕದ ಬಿಳಿಗುಡ್ಡ ಗುಮ್ಮಟದವರು ಹಿಡಿ ಉಪ್ಪು ಕೇಳಲು ಬಂದರೂ ದೊಡ್ಡ ಗುಮ್ಮಟದವರ ಅಂಗಳ ಹಾದೇ ಬರಬೇಕು.

ಬೆಸುಗೆ ಕೆಲಸದ ನೀಲವ್ವ ಎರಡು ತಿಂಗಳು ಕದ್ದುಮುಚ್ಚಿ ತನ್ನ ಚಿಕ್ಕ ಗುಮ್ಮಟದಿಂದ ಬಿಳಿಗುಡ್ಡದ ಕಡೆಗೊಂದು ಬಾಗಿಲು ಕೊರೆದು, ಗೋಡೆಯ ಬಣ್ಣವನ್ನೇ ಬಳಿದು ಮರೆಮಾಡಿದ್ದಳು. ಆ ಕಡೆಯವರು ಸುರಂಗ ಜೋಡಿಸಿಕೊಂಡು ಇಂದು ಬರುವವರಿದ್ದರು. ಎಲ್ಲವೂ ಸರಿಯಿತ್ತು. ಆದರೆ ಬೆಳಿಗ್ಗೆ ನೆಲ ಒರೆಸಿದ ಕೈ ಸುಮ್ಮನಿರದೆ ಹೊಸ ಹೊಸ್ತಿಲ ಮುಂದೆ ರಂಗೋಲಿ ಎಳೆದುಬಿಟ್ಟಿತ್ತು.

ತಪಾಸಣೆಗೆ ಬಂದ ದೊಡ್ಡ ಗುಮ್ಮಟದ ಅಧಿಕಾರಿ ಶ್ರೀಪತಿ ಅದರೆದುರೇ ನಿಂತ.

"ಗೋಡೆಗೆ ಯಾರಮ್ಮ ರಂಗೋಲಿ ಹಾಕ್ತಾರೆ?"

ಅವನು ರಂಗೋಲಿ ತುಳಿದು ಮುಂದೆ ಬಂದು ಗೋಡೆ ತಟ್ಟಿದ. ಟೊಳ್ಳು ಸದ್ದು ಬಂತು.

"ನೀವು ನಮ್ಮ ಮಗ್ಗುಲಲ್ಲಿದ್ದೀರಿ. ಇಲ್ಲಿಗೆ ಯಾರು ಬರ್ತಾರೆ ಅಂತ ನಾವು ನೋಡ್ಕೋಬೇಕಲ್ಲ? ನಿಮ್ಮ ಒಳ್ಳೇದಕ್ಕೇ. ಇವತ್ತೇ ಇದನ್ನ ಮುಚ್ಚಿಸ್ತೀನಿ."

"ನಿಮ್ಮ ಗುಮ್ಮಟಕ್ಕ ಎಷ್ಟು ಬಾಗಿಲ ಅದಾವ್ರಿ ಸಾಹೇಬ್ರ?"

"ನಲವತ್ತು. ನಮ್ಮ ಮಾತು ಬೇರೆ."

"ಅವನ್ನ ಇಡಾಕ ಯಾರನ್ನ ಕೇಳಿದ್ರಿ?"

ಅವನು ಬಾಯಿ ತೆರೆಯುವ ಮೊದಲೇ ಗೋಡೆಯಾಚೆಯಿಂದ ಮೂರು ಸಲ ಬಡಿದ ಸದ್ದು ಕೇಳಿತು. ಅವನ ಕೈ ಸೊಂಟದಲ್ಲಿದ್ದ ಅಪಾಯದ ಗಂಟೆ ಬಾರಿಸುವ ಗುಂಡಿಗೆ ಹೋಯಿತು.

ನೀಲವ್ವ ಸೆರಗು ಸಿಕ್ಕಿಸಿಕೊಂಡಳು.

"ರಂಗೋಲಿ ಮ್ಯಾಲ ನಿಂತೀರಿ, ಬಾಜೂಕ ಸರೀರಿ. ಮಂದಿ ಬಂದಾರ," ಎಂದವಳೇ ಬಣ್ಣ ಕೆರೆದು ಅಗುಳಿಗೆ ಕೈಹಾಕಿದಳು.