ಮೊದಲಿನ ಅಣ್ಣ

ಮಾತ್ರೆ ಸಿಂಕಿನ ತೂತಿನಲ್ಲಿ ಇಳಿದುಹೋದದ್ದನ್ನು ತಂಗಿ ಕಣ್ಣಾರೆ ಕಂಡಳು. ಅತ್ತಿಗೆ ನಲ್ಲಿ ತಿರುಗಿಸಿದಳು, ನೀರು ಬಿಟ್ಟಳು, ಕೈ ಒರೆಸಿಕೊಂಡು ತಿರುಗಿದಳು. ಅಡುಗೆಮನೆ ಬಾಗಿಲಲ್ಲಿ ಗಂಡನ ತಂಗಿ ನಿಂತಿದ್ದಳು.

"ಅದು ಅಣ್ಣನ ಮಾತ್ರೆ ಅಲ್ವಾ?"

"ಕೈ ಜಾರ್ತು."

"ದಿನಾ ಜಾರುತ್ತಾ?"

ತಂಗಿಯದು ರೈಲಿನಲ್ಲಿ ಟಿಕೆಟ್ ತಪಾಸಣೆಯ ಕೆಲಸ. ಟಿಕೆಟ್ಟಿಲ್ಲದವರು ಎಂಥವರೇ ಆಗಿರಲಿ, ಅವಳು ಹತ್ತಿರ ಬರುತ್ತಲೇ ಕಿಟಕಿಯಾಚೆ ನೋಡತೊಡಗುತ್ತಾರೆ. ಅತ್ತಿಗೆ ಈಗ ಕಿಟಕಿಯಾಚೆ ನೋಡುತ್ತಿದ್ದಳು.

ಅಣ್ಣನ ಲೇತ್ ಶೆಡ್ಡಿನಲ್ಲಿ ಕ್ರೇನಿನ ಕೊಕ್ಕೆ ಅವನ ಹಣೆಗೆ ಬಡಿದದ್ದು ಹೋದ ವರ್ಷ. ಜೀವ ಉಳಿಯಿತು, ಮನುಷ್ಯ ಉಳಿಯಲಿಲ್ಲ. ಒಂದು ಕಾಲಕ್ಕೆ ಅವನು ಕೆಮ್ಮಿದರೆ ಕೆಲಸದವರು ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಈಗ ಊಟದ ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದ. ಸಾಕು ಎನ್ನುವವರೆಗೂ ಸುಲಿಯುತ್ತಿದ್ದ. ಹೈಸ್ಕೂಲು ಓದುವ ಮಗಳು ಅವನ ತಲೆ ಬಾಚಿ, ಬೇಕೆಂದೇ ಎರಡು ಜುಟ್ಟು ಕಟ್ಟಿ ನಗುತ್ತಿದ್ದಳು. ಅವನೂ ನಗುತ್ತಿದ್ದ. ಶೆಡ್ಡಿನ ಬೀಗದ ಕೈ ಅತ್ತಿಗೆಯ ಬಳಿ ಇತ್ತು, ಅಲ್ಲಿನ ಕುರ್ಚಿಯೂ ಅವಳದೇ ಆಗಿತ್ತು.

ತಂಗಿಗೆ ಕಂಡದ್ದು ಇಷ್ಟು: ಯಜಮಾನನನ್ನು ತಾಯಿಮಗಳು ಸೇರಿ ಬೊಂಬೆ ಮಾಡಿಕೊಂಡಿದ್ದರು.

ಎಂಥ ಅಣ್ಣ ಅವನು! ಚಿಕ್ಕಂದಿನಲ್ಲಿ ಅಪ್ಪ ಬೆಲ್ಟು ಬಿಚ್ಚಿದ ಸದ್ದಾದರೆ ಅವಳನ್ನು ಬೆನ್ನ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅವಳ ಪಾಲಿನ ಏಟನ್ನೂ ಅವನೇ ತಿಂದ. ಅವಳ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ಕೆಲಸ ಸಿಕ್ಕಿ ದೂರದ ಊರಿಗೆ ಹೋದ ಮೇಲೆ ಅವಳು ವರ್ಷಕ್ಕೊಮ್ಮೆ ಬಂದು ಒಂದು ಊಟ ಮಾಡಿ ಹೋಗುತ್ತಿದ್ದಳು. ಬಂದಾಗಲೆಲ್ಲ ಮನೆ ಅಚ್ಚುಕಟ್ಟು. ಗಟ್ಟಿ ಮಾತಿಲ್ಲ, ತಟ್ಟೆಗೆ ಚಮಚ ತಾಗಿದ ಸದ್ದೂ ಇಲ್ಲ. ಅಣ್ಣನ ಶಿಸ್ತು ಎಂದು ಅವಳಿಗೆ ಹೆಮ್ಮೆ.

ಮರುದಿನವೇ ಎಲ್ಲರನ್ನೂ ಹೊರಡಿಸಿಕೊಂಡು ಡಾಕ್ಟರ ಮುಂದೆ ಕೂರಿಸಿದಳು.

"ಮೊದಲು ಹೇಗಿದ್ರು ಇವರು?" ಡಾಕ್ಟರು ಕೇಳಿದ್ದು ಅತ್ತಿಗೆಯನ್ನು.

"ಹುಲಿ ಹಾಗಿದ್ದ," ತಂಗಿಯೇ ಬಾಯಿ ಹಾಕಿದಳು. "ಥೇಟ್ ನಮ್ಮಪ್ಪನ ಅಚ್ಚು."

ಅತ್ತಿಗೆ ಇಲ್ಲವೆನ್ನಲಿಲ್ಲ.

"ಮನುಷ್ಯನ ಸ್ವಭಾವ ಅರ್ಧ ಇಲ್ಲಿರುತ್ತೆ," ಡಾಕ್ಟರು ತಮ್ಮ ಹಣೆ ಮುಟ್ಟಿಕೊಂಡರು, "ಇನ್ನರ್ಧ ಬೆಳೆದ ಮನೇಲಿ ಆಗುತ್ತೆ. ಇವರಿಗೆ ಈ ಜಾಗಕ್ಕೇ ಪೆಟ್ಟು ಬಿದ್ದಿದೆ. ಹಟ, ಆಸೆ, ಸಿಟ್ಟು ಎಲ್ಲಾ ಮಲಗಿಬಿಟ್ಟಿವೆ. ಸತ್ತಿಲ್ಲ. ಮಾತ್ರೆ ತಪ್ಪಿಸದೆ ಕೊಟ್ರೆ ಏಳ್ತವೆ. ಇಷ್ಟು ದಿನ ಯಾಕೆ ಗುಣ ಕಾಣಲಿಲ್ಲ ಅನ್ನೋದೇ ನನಗೆ ಆಶ್ಚರ್ಯ."

ತಂಗಿ ಅತ್ತಿಗೆಯ ಮುಖವನ್ನೇ ನೋಡಿದಳು. ಮನೆಗೆ ಬಂದದ್ದೇ ತಡ, ತಡೆದಿಟ್ಟುಕೊಂಡದ್ದೆಲ್ಲ ಹೊರಗೆ ಬಂತು.

"ನಿಮಗೆ ಗಂಡ ಬೇಡ, ಶೆಡ್ಡು ಬೇಕು. ಅಷ್ಟೇ ತಾನೇ?"

"ಅವರು ಹೀಗೇ ಚೆನ್ನಾಗಿದ್ದಾರೆ."

"ಯಾರಿಗೆ ಚೆನ್ನ? ನನಗೆ ನನ್ನ ಮೊದಲಿನ ಅಣ್ಣ ಬೇಕು."

"ಹಾಗಾದ್ರೆ ಕರ್ಕೊಂಡು ಹೋಗು," ಅತ್ತಿಗೆಯ ದನಿ ಏರಲಿಲ್ಲ. "ನಿನ್ನ ಮನೇಲಿ ಇಟ್ಕೊಂಡು ಕೊಡು ಮಾತ್ರೆ."

"ಓಹೋ! ಮನೆಯಿಂದ ಆಚೆ ಹಾಕೋವರೆಗೂ ಬಂತಾ?"

"ನಿನಗೆ ಏನು ಹೇಳಿದ್ರೂ ಹೀಗೇ ಕೇಳಿಸುತ್ತೆ. ನೀನು ಅವರ ಬೆನ್ನ ಹಿಂದೆ ನಿಂತು ಬೆಳೆದವಳು."

ಹೌದು, ಅದಕ್ಕೇ ಋಣ ತೀರಿಸುತ್ತಿದ್ದೇನೆ ಎಂದುಕೊಂಡಳು ತಂಗಿ. ರಜೆ ಹಾಕಿ ಅಲ್ಲೇ ಠಿಕಾಣಿ ಹೂಡಿದಳು. ಮಾತ್ರೆಯನ್ನು ತಾನೇ ಕೊಟ್ಟಳು, ಬಾಯಿ ತೆರೆಸಿ ನುಂಗಿದ್ದನ್ನು ಖಚಿತ ಮಾಡಿಕೊಂಡಳು. ಮಗಳು ಒಮ್ಮೆ ಮಾತ್ರೆಗಳನ್ನೆಲ್ಲ ತನ್ನ ಶೂವಿನೊಳಗೆ ಬಚ್ಚಿಟ್ಟಿದ್ದಳು. ತಂಗಿ ಹುಡುಕಿ ತೆಗೆದಳು.

"ನೀವು ಯಾವಾಗ ಹೋಗ್ತೀರಾ ಅತ್ತೆ?" ಹುಡುಗಿ ಮುಖಕ್ಕೆ ಹೊಡೆದ ಹಾಗೆ ಕೇಳಿದಳು.

"ನಿಮ್ಮಪ್ಪ ಮೊದಲಿನ ಹಾಗಾದ ಮೇಲೆ."

ಹುಡುಗಿ ಬಿಳಿಚಿಕೊಂಡು ಎದ್ದುಹೋದಳು. ಮಗುವಿನ ಮನಸ್ಸಿನಲ್ಲೂ ತಾಯಿ ಎಷ್ಟು ವಿಷ ತುಂಬಿದ್ದಾಳೆ ಎಂದು ತಂಗಿ ಹಲ್ಲು ಕಡಿದಳು.

ಕೆಲವು ವಾರಗಳಾದವು. ಒಂದು ಬೆಳಿಗ್ಗೆ ಅಣ್ಣ ಬಟಾಣಿಯ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿದ. ಆಮೇಲೆ ತಾನೇ ಗಡ್ಡ ಹೆರೆದುಕೊಂಡ. ಆಮೇಲೆ ಶೆಡ್ಡಿನ ಬೀಗದ ಕೈ ಕೇಳಿದ. ಅತ್ತಿಗೆ ತಂದು ಕೊಟ್ಟಳು. ಮಗಳು ಅವನ ತಲೆಗೆ ಕೈ ಹಾಕುವುದನ್ನು ಬಿಟ್ಟಳು. ಮನೆಯಲ್ಲಿ ನಗುವಿನ ಸದ್ದು ಅಡಗಿತು. ಸೋತವರು ಹೀಗೇ ತಣ್ಣಗಾಗುತ್ತಾರೆ ಎಂದುಕೊಂಡ ತಂಗಿ ಊರಿಗೆ ಹೋಗುವ ಪೆಟ್ಟಿಗೆ ತುಂಬಿದಳು.

ಹೊರಡುವ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಅಣ್ಣ ತಟ್ಟೆ ಮುಟ್ಟಲಿಲ್ಲ.

"ಶೆಡ್ಡಲ್ಲಿ ನನ್ನ ಕುರ್ಚೀಲಿ ಯಾರು ಕೂತಿದ್ದು, ಇಷ್ಟು ದಿನ?"

ಅದೇ ದನಿ! ಅಪ್ಪನದೇ ಆಳ, ಅಪ್ಪನದೇ ನಿಧಾನ. ತಂಗಿಯ ಕಣ್ಣು ತುಂಬಿ ಬಂತು. ಎದ್ದು ಅಣ್ಣನ ಪಕ್ಕದಲ್ಲಿ ನಿಂತಳು, ಅತ್ತಿಗೆಯ ಉತ್ತರವನ್ನು ಅಲ್ಲಿಂದಲೇ ಕೇಳಬೇಕೆಂದು.

"ನಾನು," ಎಂದಳು ಅತ್ತಿಗೆ.

ಅಣ್ಣ ಕುರ್ಚಿಯನ್ನು ಹಿಂದಕ್ಕೆ ಸರಿಸಿ ಎದ್ದ. ಅತ್ತಿಗೆ ಕನ್ನಡಕ ತೆಗೆದು ಮಡಚಿದಳು, ಒಡೆಯದ ಜಾಗ ನೋಡಿ ಕಪಾಟಿನ ಮೇಲಿಟ್ಟಳು.

ಇಷ್ಟು ದಿನ ಮುಖ ಕೊಟ್ಟು ಮಾತಾಡದ ಹುಡುಗಿ ಬಂದು ತಂಗಿಯ ಮೊಣಕೈ ಹಿಡಿದು ಮೆಲ್ಲಗೆ ಎಳೆದಳು. "ಅತ್ತೆ, ಅಲ್ಲಿ ನಿಂತ್ಕೋಬೇಡಿ. ಅಲ್ಲೀವರೆಗೂ ಅಪ್ಪನ ಕೈ ಎಟುಕುತ್ತೆ."