ಅಕ್ಕ ಕೂತ ದಾರಿ

ದೋಣಿ ಹೊರಡುವ ಹೊತ್ತಾಯಿತೆಂದು ಕೇಳಿದ್ದೇ ತಡ, ರೊಸಿನಾ ಕೈಯನ್ನೂ ತೊಳೆಯದೆ ಅಡುಗೆಮನೆಯಿಂದೆದ್ದು, ಕಡಲಿಗಿಳಿಯುವ ಕಾಲುದಾರಿಯ ನಟ್ಟನಡುವೆ ಹೋಗಿ ಕೂತುಬಿಟ್ಟಳು. ವನುವಾಟು ದೇಶದ ಅಂಬಾಯೆ ದ್ವೀಪದ ಆ ಊರಿನಿಂದ ಕಡಲಿಗೆ ಇರುವುದು ಅದೊಂದೇ ದಾರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೊರಕಲು.

ತಾಯಿ ತೀರಿಕೊಂಡ ನೂರನೆಯ ದಿನದ ಊಟಕ್ಕೆಂದು ತಮ್ಮ ಗರಾಯ್ ಯುದ್ಧದಿಂದ ಒಂದು ದಿನದ ರಜೆ ಪಡೆದು ಬಂದಿದ್ದ. ದೂರದ ಎರಡು ದೊಡ್ಡ ದೇಶಗಳಿಗೂ ವನುವಾಟುವಿನ ಬಂದರಿನ ಮೇಲೆ ಕಣ್ಣು. ಬಂದೂಕು ಹಂಚಿದವರು ಅವರೇ, ಡ್ರೋನ್ ಹಾರಿಸಲು ಕಲಿಸಿದವರೂ ಅವರೇ. ಸಾಯುವ ಕೆಲಸವೊಂದನ್ನು ಮಾತ್ರ ಧಾರಾಳವಾಗಿ ದ್ವೀಪದ ಹುಡುಗರಿಗೇ ಬಿಟ್ಟಿದ್ದರು.

ರೊಸಿನಾ ಕೆಸುವಿನ ಗೆಡ್ಡೆ ತುರಿದು, ತೆಂಗಿನಹಾಲು ಸುರಿದು, ಎಲೆಯಲ್ಲಿ ಬೇಯಿಸಿದ ಲಾಪ್‌ಲಾಪನ್ನು ಗರಾಯ್ ಬಿದಿರುಗೋಡೆಯ ಆಚೆ ಕೂತು ತಿಂದಿದ್ದ. ಮೀಸೆ ಮೂಡಿದ ಮೇಲೆ ತಮ್ಮನಾದವನು ಅಕ್ಕನ ಎದುರು ನಿಲ್ಲುವಂತಿಲ್ಲ, ಅವಳೊಡನೆ ಮಾತಾಡುವಂತಿಲ್ಲ; ದಾರಿಯಲ್ಲಿ ಅಕ್ಕ ಇದ್ದರೆ ಅವನೇ ಹಿಂದಕ್ಕೆ ಹೋಗಬೇಕು. ಅದು ಅಲ್ಲಿನ ಮರ್ಯಾದೆ. ಸೊಂಟದ ಮೇಲೆ ಹೊತ್ತು ಬೆಳೆಸಿದ ಹುಡುಗ ತನ್ನನ್ನು ಇನ್ನೊಮ್ಮೆ ಕರೆಯಲಿ ಎಂದು ರೊಸಿನಾಳ ಜೀವ ಎಷ್ಟು ಹಂಬಲಿಸುತ್ತಿತ್ತೋ ಅವಳಿಗೇ ಗೊತ್ತು. ಇವತ್ತು ಆ ಮರ್ಯಾದೆಯನ್ನೇ ನಂಬಿ ಕೂತಿದ್ದಳು.

ಗರಾಯ್ ದೀವಿಹಲಸಿನ ಮರದ ಮರೆಯಲ್ಲಿ ಬೆನ್ನು ತಿರುಗಿಸಿ ನಿಂತ. ಅವನ ಹೆಂಡತಿ ಮೇಬೆಲ್ ಓಡಿಬಂದಳು.

"ಏಳಿ ಅತ್ತಿಗೆ, ದೋಣಿಯವರು ಕರೀತಿದಾರೆ."

"ಕಾಲು ನೋವು ಕಣೇ. ಏಳಕ್ಕಾಗಲ್ಲ."

"ಎಷ್ಟೊತ್ತು ಹೀಗೇ ಕೂರ್ತೀರಿ?"

"ವಾಸಿ ಆಗೋವರೆಗೆ. ಯುದ್ಧ ಮುಗಿಯೋ ಹೊತ್ತಿಗೆ ಆಗಬಹುದು."

ಮೇಬೆಲ್‌ಗೆ ನಗುವೂ ಬಂತು, ಅಳುವೂ ಬಂತು. ಒಮ್ಮೆ ಹಿಂದೆ ನೋಡಿ, ಬಗ್ಗಿ, "ಇನ್ನೂ ಸ್ವಲ್ಪ ಅಗಲವಾಗಿ ಕೂರಿ" ಎಂದು ಪಿಸುಗುಟ್ಟಿದಳು.

ಕೆಳಗೆ ದೋಣಿ ಎರಡು ಸಲ ಕೂಗಿತು. ಹಿಂದಿನಿಂದ ಬೂಟುಗಳ ಸದ್ದು ಕೇಳಿಸಿತು. ಮರದ ಹತ್ತಿರವೇ ನಿಲ್ಲುತ್ತಾನೆ, ನಿಲ್ಲಲೇಬೇಕು ಎಂದುಕೊಂಡು ರೊಸಿನಾ ಕಡಲಿನ ಕಡೆಗೇ ಮುಖಮಾಡಿ ಕೂತಳು. ಬೂಟುಗಳು ಅವಳ ಬೆನ್ನಿನವರೆಗೂ ಬಂದು ನಿಂತವು.

"ಅಕ್ಕಾ, ದಾರಿ ಬಿಡು."

ಇಷ್ಟು ವರ್ಷ ಕಾದದ್ದು ಆ ಒಂದು ಕರೆಗೇ. ಮರ್ಯಾದೆ ಮೀರದ ತಮ್ಮನಾಗಿದ್ದರೆ ತಡೆಯಬಹುದಿತ್ತು. ರೊಸಿನಾ ಎದ್ದು, ಯಾರೋ ಸಿಪಾಯಿಗೆ ದಾರಿ ಬಿಟ್ಟಳು.